ಅಕ್ರೋಟ್ ಹಲಗೆಗೆ ಲಿಯೊನಾರ್ಡೊ ಲೇಪ

ಅಟ್ಟದ ಮೇಲಿನ ಹಳೇ ಚಿತ್ರವನ್ನು ಮೂರು ಸಾವಿರ ಕೋಟಿ ರೂಪಾಯಿ ಆಸುಪಾಸಿಗೆ ಮಾರುವ ಆಸೆ ಇದ್ದವರು ಎದೆಗುಂದಬೇಕಿಲ್ಲ. ವಿಧಾನ ಒಮ್ಮೆ ಪರೀಕ್ಷೆಯಾಗಿ ಪಾಸಾಗಿದೆ. ಚಿತ್ರದ ಹೆಸರು ‘ಸಾಲ್ವಟೋರ್ ಮುಂಡಿ’, ಅಂದರೆ ಜಗದ್ರಕ್ಷಕ; ಬರೆದವನು ‘ಮೊನಾಲಿಸಾ’ದ ಲಿಯೊನಾರ್ಡೊ ಡ ವಿಂಚಿ ಎಂಬುದು ಮಾರಿದವರ ಮಾತು.

ಬೇಕಾದ್ದು 65.6 ಸೆಂ.ಮೀ. ಎತ್ತರ, 45.4 ಸೆಂ.ಮೀ. ಅಗಲದ ಅಕ್ರೋಟ್ ಮರದ ಹಲಗೆ. ಒಳ್ಳೇ ಹಲಗೆ ಬೇಡ. ಗಂಟಿರಬೇಕು, ಹುಳು ಕೊರೆದಿರಬೇಕು, ಸೀಳು ಬಿಟ್ಟಿರಬೇಕು. ಬಣ್ಣ ಎಷ್ಟು ಉದುರಿದೆಯೋ ಊಹೆಗೆ ಅಷ್ಟು ಜಾಗ. ಮೇಲೆ ಆಶೀರ್ವಾದಕ್ಕೆ ಬಲಗೈ ಎತ್ತಿದ, ಎಡಗೈಯಲ್ಲಿ ಸ್ಫಟಿಕದ ಗೋಳ ಹಿಡಿದ ಕ್ರಿಸ್ತ. ಈ ಹಲಗೆ 1958ರಲ್ಲಿ ಲಂಡನ್ನಿನ ಹರಾಜಿನಲ್ಲಿ, ಲಿಯೊನಾರ್ಡೊನ ಶಿಷ್ಯನೊಬ್ಬನ ಹೆಸರು ಹೊತ್ತು, 45 ಪೌಂಡಿಗೆ ಹೋಯಿತು. 2005ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಇಬ್ಬರು ವ್ಯಾಪಾರಿಗಳು 1,175 ಡಾಲರಿಗೆ ಕೊಂಡರು. ಆಗ ಅದರ ಮುಂದೆ ನಿಂತು ಗದ್ಗದಿತರಾದವರು ಯಾರೂ ಇಲ್ಲ.

ಮುಂದಿನದು ಶುಚಿಕಾರ್ಯ. ಹಳೇ ವಾರ್ನಿಷ್, ಅದರ ಕೆಳಗೆ ಯಾರ್‍ಯಾರೋ ಬಳಿದ ಬಣ್ಣ ಎರಡನ್ನೂ ತೆಗೆದಾಗ ಬಲಗೈಯಲ್ಲಿ ಎರಡನೇ ಹೆಬ್ಬೆರಳು ಕಾಣಿಸಿತು. ಚಿತ್ರಕಾರ ಮೊದಲು ಒಂದು ಕಡೆ ಬರೆದು, ಮನಸ್ಸು ಬದಲಿಸಿ ಇನ್ನೊಂದು ಕಡೆ ಬರೆದಿದ್ದಾನೆ. ನಕಲು ಮಾಡುವವನ ಕಣ್ಣೆದುರು ಮೂಲವೇ ಇರುತ್ತದೆ, ಅವನಿಗೇಕೆ ಗೊಂದಲ? ಆದ್ದರಿಂದ ಇದು ಮೂಲ! ವಾದ ಚೊಕ್ಕವಾಗಿದೆ. ಗುರುವಿನ ಅಂಗಡಿಯಲ್ಲಿ ಬಣ್ಣ ಅರೆಯುತ್ತಿದ್ದ ಶಿಷ್ಯನಿಗೂ ಮನಸ್ಸೊಂದು ಇದ್ದೀತಲ್ಲ ಎಂದು ಮಾತ್ರ ಕೇಳಬೇಡಿ, ರೇಟು ಇಳಿದೀತು.

ಗೋಳದ ತಕರಾರು ಬಂದೇ ಬರುತ್ತದೆ. ಗಟ್ಟಿ ಸ್ಫಟಿಕದ ಉಂಡೆಯ ಹಿಂದಿರುವ ಬಟ್ಟೆಯ ಮಡಿಕೆ ತಲೆಕೆಳಗಾಗಿ, ಸೊಟ್ಟಗಾಗಿ ಕಾಣಬೇಕು. ಇಲ್ಲಿ ನೆಟ್ಟಗಿದೆ. ಬೆಳಕಿನ ನಡೆಯ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದಿಟ್ಟ ಲಿಯೊನಾರ್ಡೊನ ಕೈಯಲ್ಲಿ ಇಂಥ ತಪ್ಪೇ? ಉತ್ತರ ಸಿದ್ಧವಿದೆ: ಗೋಳ ಟೊಳ್ಳು, ಅಥವಾ ಬೇಕೆಂದೇ ಹಾಗೆ ಬರೆದದ್ದು. ಸರಿಯಾಗಿದ್ದರೆ ಅವನ ಜಾಣ್ಮೆ, ತಪ್ಪಾಗಿದ್ದರೆ ಅವನ ಲೀಲೆ.

ಉದುರಿದ ಜಾಗಕ್ಕೆಲ್ಲ ಈ ಕಾಲದ ಕುಂಚದಿಂದ ಬಣ್ಣ ತುಂಬಿದ ಮೇಲೆ ದೊಡ್ಡ ಗ್ಯಾಲರಿಯೊಂದರ ಗೋಡೆ ಬೇಕು. 2011ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಲಿಯೊನಾರ್ಡೊ ಪ್ರದರ್ಶನದಲ್ಲಿ ಇದನ್ನು ಅವನದೇ ಕೃತಿಯೆಂದು ತೂಗುಹಾಕಿತು. ಪಕ್ಕದ ಚೀಟಿಗೆ ತಗಲುವ ಖರ್ಚು ಎಷ್ಟೆಂದು ನೀವೇ ಲೆಕ್ಕ ಹಾಕಿ. 2013ರಲ್ಲಿ ರಷ್ಯದ ಉದ್ಯಮಿಯೊಬ್ಬರು 12.75 ಕೋಟಿ ಡಾಲರ್ ಕೊಟ್ಟರು.

ಕೊನೆಯ ಹಂತವನ್ನು ನೋಡಿ ಕಲಿಯಬೇಕು. ಐನೂರು ವರ್ಷ ಹಳೆಯದೆಂದ ಚಿತ್ರವನ್ನು ಹರಾಜು ಸಂಸ್ಥೆ ಕ್ರಿಸ್ಟೀಸ್‌ನವರು ಹಳೇ ಚಿತ್ರಗಳ ಹರಾಜಿಗೆ ಇಡಲಿಲ್ಲ, ಸಮಕಾಲೀನ ಕಲೆಯ ಸಂಜೆಯ ಹರಾಜಿಗೆ ಇಟ್ಟರು. ದುಡ್ಡಿರುವವರು ಬರುವುದು ಅಲ್ಲಿಗೆ. ಪ್ರಚಾರಕ್ಕೆ ಮಾಡಿದ ವಿಡಿಯೋದಲ್ಲಿ ಚಿತ್ರವನ್ನೇ ತೋರಿಸಲಿಲ್ಲ. ಚಿತ್ರ ನೋಡುತ್ತಿರುವವರ ಮುಖಗಳನ್ನಷ್ಟೇ ತೋರಿಸಿದರು: ಬಾಯಿ ತೆರೆದವರು, ಕಣ್ಣು ಒರೆಸಿಕೊಂಡವರು, ನಡುವೆ ಹಾಲಿವುಡ್ಡಿನ ಲಿಯೊನಾರ್ಡೊ ಡಿಕಾಪ್ರಿಯೊ. ನವೋದಯ ಕಾಲದ ಕಲೆಯನ್ನು ನಾವು ಆರಾಧಿಸುವ ಬಗೆ ಇದಕ್ಕಿಂತ ಪ್ರಾಮಾಣಿಕವಾಗಿ ಎಲ್ಲೂ ದಾಖಲಾಗಿಲ್ಲ.

2017ರ ನವೆಂಬರ್ 15, ನ್ಯೂಯಾರ್ಕ್. ಹತ್ತೊಂಬತ್ತು ನಿಮಿಷ ಕೂಗಿ 40 ಕೋಟಿ ಡಾಲರಿಗೆ ಸುತ್ತಿಗೆ ಬಿತ್ತು; ಹರಾಜು ಸಂಸ್ಥೆಯ ಶುಲ್ಕ ಸೇರಿ 45.03 ಕೋಟಿ. ಬೆಂಗಳೂರಿನ ಸೈಟಿನ ಲೆಕ್ಕದಲ್ಲಿ ಹೇಳುವುದಾದರೆ ಚದರಡಿಗೆ 14 ಕೋಟಿ ಡಾಲರ್, ಅದೂ ಬಿರುಕು ಬಿಟ್ಟ ಗೋಡೆ ಸಮೇತ.

2018ರ ಸೆಪ್ಟೆಂಬರಿನಲ್ಲಿ ಅಬುಧಾಬಿಯ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಅನಾವರಣವೆಂದು ಘೋಷಿಸಿ, ಆಮೇಲೆ ಮುಂದೂಡಿದರು. ಹರಾಜಿನ ಬಳಿಕ ಅದು ಸಾರ್ವಜನಿಕ ಪ್ರದರ್ಶನಕ್ಕೆ ಬಂದಿಲ್ಲ, ಭಕ್ತರ ಭಕ್ತಿಯೂ ಕುಂದಿಲ್ಲ. 2021ರಲ್ಲಿ ಮಾತ್ರ ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯದ ಕ್ಯಾಟಲಾಗ್ ಇದನ್ನು ಲಿಯೊನಾರ್ಡೊನ ಸ್ವಂತ ಕೈಯ ಕೃತಿಗಳ ಪಟ್ಟಿಯಿಂದ ಹೊರಗಿಟ್ಟು, ಅವನ ಕಾರ್ಯಾಗಾರದ್ದು, ಅವನ ಉಸ್ತುವಾರಿಯದು ಎಂಬಂಥ ಕೃತಿಗಳ ಸಾಲಿಗೆ ಸೇರಿಸಿತು. ಅಟ್ಟದಲ್ಲಿ ಹಲಗೆ ಇರುವವರು ಆತುರ ಮಾಡುವುದು ಒಳ್ಳೆಯದು. ಪ್ರಾಡೊದವರು ಇನ್ನೊಂದು ಕ್ಯಾಟಲಾಗ್ ಅಚ್ಚು ಹಾಕುವ ಮೊದಲೇ ದುಡ್ಡು ಕೈಗೆ ಬಂದಿರಬೇಕು.