ಬಾಯಿ ತೆರೆದರೆ ಸ್ಕೂಬಲ್

ನಿನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಾಯಿ ತೆರೆಸಿ, ಒಳಗೆ ಎರಡು ಸಲಕರಣೆ ತೂರಿಸಿ, ಆಮೇಲೆ ಕೇಳಿದರು: "ಸ್ಕೂಬಲ್‌ನ ಬೇರೆ ತಂಡಕ್ಕೆ ಕೊಟ್ಟುಬಿಡಬೇಕು ಅಂತೀರಾ?" "ಆಆ" ಅಂದೆ. ಅದನ್ನು ಹೌದು ಅಂದುಕೊಂಡು ಅರ್ಧ ಗಂಟೆ ಬೈದರು.

ಡೆಟ್ರಾಯಿಟ್‌ನ ಚಳಿಗಾಲದಲ್ಲಿ ಹಿಮಕ್ಕಿಂತ ಈ ಮಾತೇ ಜಾಸ್ತಿ ಬೀಳುತ್ತದೆ. ತಾರಿಕ್ ಸ್ಕೂಬಲ್ ಇಲ್ಲಿನ ಬೇಸ್‌ಬಾಲ್ ತಂಡ ಟೈಗರ್ಸ್‌ನ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. 2024, 2025, ಎರಡೂ ವರ್ಷ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. 2026ಕ್ಕೆ ಒಪ್ಪಂದ ಮುಗಿಯುತ್ತದೆ. ಅಷ್ಟೇ ಸಾಕು, ಯಾರನ್ನು ಕೊಡಬೇಕು, ಯಾರನ್ನು ತರಬೇಕು ಅಂತ ತೀರ್ಮಾನಿಸೋಕೆ ಊರಿಗೆ ಊರೇ ಜನರಲ್ ಮ್ಯಾನೇಜರ್!

"ಹೇಗೂ ಹೋಗ್ತಾನೆ, ಈಗಲೇ ಅವನನ್ನು ಕೊಟ್ಟು ನಾಲ್ಕು ಹುಡುಗರನ್ನು ತಗೊಳ್ಳೋಣ." ಯಾವ ಹುಡುಗರು ಸ್ವಾಮಿ? ಮೀಸೆ ಚಿಗುರದ, ಸಣ್ಣ ಸಣ್ಣ ಊರುಗಳಲ್ಲಿ ಬಸ್ಸು ಹತ್ತಿ ಇಳಿದು ಆಡುವವರು. ನೀವು ಅವರ ಒಂದು ಆಟವಾದರೂ ನೋಡಿದ್ದೀರಾ? ಇಲ್ಲ. ಆದರೆ 2029ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ದೊಡ್ಡ ಫೈನಲ್, ಆಗಲೇ ಗೆದ್ದಾಗಿದೆ. ಕೂಸು ಹುಟ್ಟೋ ಮುಂಚೆ ಕುಲಾವಿ.

ಇನ್ನೊಬ್ಬರಿಗೆ ಇತಿಹಾಸದ ಖಾಯಿಲೆ. 1987ರಲ್ಲಿ 20 ವಯಸ್ಸಿನ ಪಿಚರ್ ಸ್ಮೋಲ್ಟ್ಸ್‌ನನ್ನು ಕೊಟ್ಟು 36 ವಯಸ್ಸಿನ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದೆವು, ಹುಡುಗ ದಿಗ್ಗಜರ ಸಾಲು ಹಾಲ್ ಆಫ್ ಫೇಮ್ ಸೇರಿದ, ಅಯ್ಯೋ! ತಕ್ಷಣ ಮೂರನೆಯವರು: 2017ರಲ್ಲಿ ನಮ್ಮ ದೊಡ್ಡ ಪಿಚರ್ ವರ್ಲ್ಯಾಂಡರ್‌ನನ್ನು ಮೂವರು ಹುಡುಗರಿಗೆ ಕೊಟ್ಟೆವಲ್ಲ? ಅವನು ಅದೇ ವರ್ಷ ಹ್ಯೂಸ್ಟನ್ ತಂಡದ ಜೊತೆ ವರ್ಲ್ಡ್ ಸೀರೀಸ್ ಗೆದ್ದ, ಮೂವರಲ್ಲಿ ಭಾರಿ ಹೆಸರಿದ್ದ ಪೆರೆಸ್ ಬೇಸ್‌ಬಾಲ್‌ನ ಮೇಲ್ದರ್ಜೆಯ ಮೇಜರ್ ಲೀಗ್‌ನ ಹೊಸಿಲೂ ದಾಟಲಿಲ್ಲ, ಅಯ್ಯೋ! ಹುಡುಗನನ್ನು ಕೊಟ್ಟರೂ ಅಳು, ತಂದರೂ ಅಳು. ಇವರಿಗೆ ಬೇಕಿರೋದು ಸುಮ್ನೆ ಅಳು, ಅಲ್ವಾ?

ನನ್ನ ಹಲ್ಲು ಇನ್ನೂ ನೋಯುತ್ತಿದೆ. ಮುಂದಿನ ವಾರ ಮತ್ತೆ ಬರಬೇಕಂತೆ.