ಅಡ್ಡ ನಿಂತ ಗಾಡಿ

ಕಳೆದ ತಿಂಗಳು ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎರಡನೇ ಪಂಕ್ತಿಗೆ ಕೂತಿದ್ದೆ. ಒಬ್ಬಟ್ಟು ಎಲೆಗೆ ಬಿದ್ದಿತ್ತು, ತುಪ್ಪದವನು ಇನ್ನೂ ಮೂರು ಎಲೆ ಆಚೆಗಿದ್ದ. ಅಷ್ಟರಲ್ಲಿ ಮೈಕು ಕೊರಗುಟ್ಟಿತು: "ಗೇಟಿಗೆ ಅಡ್ಡವಾಗಿ ಯಾರೋ ಗಾಡಿ ನಿಲ್ಲಿಸಿದ್ದಾರೆ, ದಯವಿಟ್ಟು ಬಂದು ತೆಗೆಯಬೇಕು."

ಬಣ್ಣ ಹೇಳಲಿಲ್ಲ, ನಂಬರ್ ಹೇಳಲಿಲ್ಲ, ಚಕ್ರ ಎರಡೋ ನಾಲ್ಕೋ ಅದನ್ನೂ ಹೇಳಲಿಲ್ಲ. ನಂಬರ್ ಓದಬೇಕಾದರೆ ಆ ಮಹಾನುಭಾವ ಗೇಟಿನವರೆಗೆ ನಡೆಯಬೇಕಿತ್ತಲ್ಲ! ರೈಲಿನವರೇ ವಾಸಿ, "ಗಾಡಿ ಸಂಖ್ಯೆ" ಎಂದು ಶುರು ಮಾಡಿ ಐದು ಅಂಕಿಗಳನ್ನೂ ಬಿಡಿಬಿಡಿಯಾಗಿ ಓದುತ್ತಾರೆ. ಪಂಕ್ತಿಯಲ್ಲಿದ್ದ ಗಂಡಸರೆಲ್ಲ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಕಿನವರದೂ ಗಾಡಿ, ಕಾರಿನವರದೂ ಗಾಡಿ. ಎಂಟು ಹತ್ತು ಜನ ಎದ್ದೆವು. ನನ್ನ ಸ್ಕೂಟರನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದು ಚೆನ್ನಾಗಿ ನೆನಪಿತ್ತು. ಆದರೂ ಎದ್ದೆ.

ನಮ್ಮ ತಾತನ ಕಾಲಕ್ಕೆ ಈ ಪೀಕಲಾಟ ಇರಲಿಲ್ಲ. ಗಾಡಿ ಎಂದರೆ ಎರಡು ಎತ್ತು ಕಟ್ಟಿದ್ದು, ಅಷ್ಟೇ. ಉಳಿದವು ಮುಂದೊಂದು ಮಾತು ಸೇರಿಸಿಕೊಂಡು ಬರಬೇಕಿತ್ತು: ಕುದುರೆಗಾಡಿ, ಕೈಗಾಡಿ, ರೈಲುಗಾಡಿ. ಈಗ ಎತ್ತಿನದನ್ನೇ "ಎತ್ತಿನ ಗಾಡಿ" ಎಂದು ಬಿಡಿಸಿ ಹೇಳಬೇಕು. ಮನೆಯ ಯಜಮಾನ ಗುರುತಿನ ಚೀಟಿ ತೋರಿಸಿ ಒಳಗೆ ಬಂದ ಹಾಗೆ.

ತಾತನ ಊರು ತಿಪಟೂರು ತಾಲೂಕಿನದು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಒಡೆದು, ಉಂಡೆ ಕೊಬ್ಬರಿ ಚೀಲಕ್ಕೆ ತುಂಬಿ, ಮಾರುಕಟ್ಟೆಗೆ ಹೊರಡುವ ಹಿಂದಿನ ಸಂಜೆ ಗಾಡಿಗೆ ಉಪಚಾರ ನಡೆಯುತ್ತಿತ್ತು. ಕಡಾಣಿ ಕಿತ್ತು, ಚಕ್ರ ಹೊರಗೆಳೆದು, ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಮದ್ದು ಬಿದಿರಿನ ಗೊಟ್ಟದಲ್ಲಿ ಗಾಡಿಯ ಕೆಳಗೇ ತೂಗುತ್ತಿತ್ತು.

ಅಪ್ಪ ಸಾಲ ಮಾಡಿ ಲೂನಾ ತಂದಾಗ ತಾತ ಅದನ್ನು ಗಾಡಿ ಎನ್ನಲು ಸುತಾರಾಂ ಒಪ್ಪಲಿಲ್ಲ. 50 ಸಿಸಿಯದು, ತುಳಿಯುವುದಕ್ಕೆ ಪೆಡಲು ಬೇರೆ. "ಅದು" ಎನ್ನುತ್ತಿದ್ದರು. ಅದು ಕೆಟ್ಟಿತೇ? ಅದಕ್ಕೆ ಎಣ್ಣೆ ಕುಡಿಸಿದೆಯಾ? ಮೂರು ತಿಂಗಳು ಹೀಗೆ ನಡೆಯಿತು. ಆಮೇಲೆ ಅದರ ಚೈನು ಕಿರುಗುಟ್ಟತೊಡಗಿತು. ಎಣ್ಣೆ ಕಾಣದ ಕೀಲಿನ ಸದ್ದು ತಾತನಿಗೆ ಹಸಿದ ಕರುವಿನ ಕೂಗಿದ್ದಂತೆ. ಒಂದು ಬೆಳಗ್ಗೆ, ಅಪ್ಪ ಸ್ನಾನದ ಮನೆಯಲ್ಲಿದ್ದಾಗ, ಗೊಟ್ಟ ಬಿಚ್ಚಿಕೊಂಡು ಬಂದು ಚೈನಿನ ಉದ್ದಕ್ಕೂ ಧಾರಾಳವಾಗಿ ಕೀಲೆಣ್ಣೆ ಮೆತ್ತಿದರು. "ಹೋಗಿ ಬಾ, ಗಾಡಿ ಇನ್ನು ಸದ್ದು ಮಾಡುವುದಿಲ್ಲ" ಎಂದರು. ಗಾಡಿ ಎಂದರು! ಆದರೆ ಆ ಮಾತಿಗೆ ಹಿಗ್ಗುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ. ಅವರು ಹೊರಟಿದ್ದದ್ದು ಒಂದು ನಿಶ್ಚಿತಾರ್ಥಕ್ಕೆ, ಬಿಳಿ ಪಂಚೆಯಲ್ಲಿ. ಆ ಪಂಚೆ ಮುಂದೆ ಎಷ್ಟೋ ವರ್ಷ ನಮ್ಮ ಅಡುಗೆಮನೆಯಲ್ಲಿ ಮಸಿಬಟ್ಟೆಯಾಗಿ ದುಡಿಯಿತು.

ಗೇಟಿನ ಬಳಿ ನನ್ನಂತೆಯೇ ಎಂಜಲು ಕೈಯಲ್ಲಿ ನಿಂತಿದ್ದ ಹುಡುಗನೊಬ್ಬನಿಗೆ, ಹಳಗನ್ನಡದಲ್ಲಿ ಗಾಡಿ ಎಂದರೆ ಸೊಬಗು, ಗಾಡಿಕಾರ್ತಿ ಎಂದರೆ ಚೆಲುವೆ ಎಂದು ಹೇಳಿದೆ. ಅವನು ನನ್ನ ತುಕ್ಕು ಹಿಡಿದ ಸ್ಕೂಟರಿನ ಕಡೆ ನೋಡಿ, "ಹಾಗಾದರೆ ಅದು ಗಾಡಿ ಅಲ್ಲ ಬಿಡಿ ಅಂಕಲ್" ಎಂದ. ಒಬ್ಬಟ್ಟು ಬಿಟ್ಟು ಬಂದವನಿಗೆ ಪದದ ಅರ್ಥ ಹೇಳಹೊರಟಿದ್ದು ನನ್ನ ತಪ್ಪು. ಗಾಡಿಯಂಥ ಮಾತು ಹೀಗೆ ಏಕೆ ಕೈ ಬದಲಾಯಿಸುತ್ತಾ ಹೋಗುತ್ತದೆ ಎಂಬುದಕ್ಕೆ ನನ್ನದೇ ಒಂದು ವಾದವಿತ್ತು. ಅವನ ನಗು ನೋಡಿ ಅದು ಮರೆತೇ ಹೋಯಿತು.

ಅಡ್ಡ ನಿಂತಿದ್ದದ್ದು ಅಡುಗೆಯವರ ಪಾತ್ರೆ ತಂದ ಟೆಂಪೋ. ಚಾಲಕನನ್ನು ಹುಡುಕಿದರೆ, ಒಳಗೆ ತುಪ್ಪ ಬಡಿಸುತ್ತಿದ್ದವನೇ ಅವನು. ಮೈಕಿನ ಮಾತು ಅವನಿಗೂ ಕೇಳಿಸಿತ್ತಂತೆ.

"ಗಾಡಿ ಎಂದರಲ್ಲ ಸ್ವಾಮಿ. ನನ್ನದು ಟೆಂಪೋ."

ನಾನು ಮರಳುವಷ್ಟರಲ್ಲಿ ಎಲೆ ಎತ್ತಿಬಿಟ್ಟಿದ್ದರು. ಮೂರನೇ ಪಂಕ್ತಿಗೆ ಕೂತೆ. ಆ ಪಂಕ್ತಿಗೆ ಒಬ್ಬಟ್ಟು ಒಬ್ಬರಿಗೆ ಅರ್ಧ.