ನವೆಂಬರ್‌ಗೆ ಎರಡು ವಾರ ಸಾಲದು

ಬಡಾವಣೆಯ ಗಾಯನ ತಂಡಗಳು ರಾಜ್ಯೋತ್ಸವಕ್ಕೆ ತಯಾರಾಗುತ್ತಿರುವ ಬಗ್ಗೆ ನಿಮ್ಮ ಬರಹ ಓದಿ ಖುಷಿಯಾಯ್ತು. ಆದರೆ ಗೊತ್ತಿರೋ ಹಾಡುಗಳಿಗೆ ಎರಡು ವಾರದ ಅಭ್ಯಾಸ ಸಾಕು ಅಂದಿದ್ದೀರಲ್ಲ, ಅದನ್ನ ಒಪ್ಪೋಕಾಗಲ್ಲ. ಗೊತ್ತಿರೋ ಹಾಡೇ ಜಾಸ್ತಿ ಕಷ್ಟ.

ನಾಡಗೀತೆಯನ್ನೇ ನೋಡಿ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತು. ನಮ್ಮ ತಂಡದಲ್ಲಿ ಸಿ. ಅಶ್ವಥ್ ಧಾಟಿ ಬಾಯಿಗೆ ಹತ್ತಿದವರು ಬೇಕಾದಷ್ಟು ಜನ. ಸ್ವಲ್ಪ ಮೈಮರೆತರೂ ಹಳೇ ದಾರಿ ಹಿಡೀತಾರೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಹಾಡಿ, ಗೊತ್ತಾಗುತ್ತೆ. ಮುಂದಿನ ಸಾಲಿನವರು ಓಡ್ತಾರೆ, ಹಿಂದಿನವರು ಎಳೀತಾರೆ.

ಆಮೇಲೆ ಶ್ರುತಿ, ಅಂದ್ರೆ ಹಾಡಿಗೆ ಆಧಾರವಾಗೋ ಸ್ವರ. ಗಂಡಸರಿಗೆ ತಗ್ಗಿನ ಶ್ರುತಿಯಾದ ಒಂದು ಮನೆ ಹಿತ, ಹೆಂಗಸರಿಗೆ ಅದಕ್ಕಿಂತ ಎತ್ತರದ ಐದು ಮನೆಯ ಆಸುಪಾಸು. ಹೆಂಗಸರ ಶ್ರುತಿ ಹಿಡಿದರೆ ಚರಣದ ಮೇಲಿನ ಸ್ವರ ಬಂದಾಗ ಗಂಡಸರು ಸುಮ್ನೆ ತುಟಿ ಆಡಿಸ್ತಾರೆ (ಕೆಳಗೆ ಕೂತವರಿಗೆ ಕಾಣಲ್ಲ ಅಂದುಕೊಂಡಿರ್ತಾರೆ!). ಹಾಗಾಗಿ ಪಲ್ಲವಿ ಎಲ್ಲರಿಗೆ, ಎತ್ತರದ ಚರಣ ಹೆಂಗಸರಿಗೆ ಅಂತ ಹಂಚಿಕೊಂಡಿದ್ದೇವೆ.

ಉಸಿರಿನದ್ದೂ ಅದೇ ಕಥೆ. ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಂಡರೆ ಸಾಲು ತುಂಡಾಗುತ್ತೆ. ಅದಕ್ಕೇ ನಮ್ಮ ಹಾಡಿನ ಹಾಳೆಗಳ ತುಂಬ ಪೆನ್ಸಿಲ್ ಗುರುತು, ಪಕ್ಕದವರದ್ದಕ್ಕಿಂತ ಬೇರೆ ಜಾಗದಲ್ಲಿ.

ಕರೋಕೆ ಟ್ರ್ಯಾಕ್ ಬೇಡ ಅಂತ ನೀವು ಬರೆದದ್ದು ಸರಿಯಾಗಿದೆ. ಆದರೆ ನವೆಂಬರಿನಲ್ಲಿ ತಬಲಾ, ಹಾರ್ಮೋನಿಯಂನವರು ಸಿಗೋದೇ ಕಷ್ಟ. ಈಗಲೇ ಹೇಳಿಟ್ಟುಕೊಳ್ಳಿ.